ಎಲೆಕ್ಷನ್ ಮುಗಿದ ಮೇಲೆ ಪೆಟ್ರೋಲ್ ರೇಟ್ ಏರುತ್ತಾ?

ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿಯ ಬಂಕ್ ಒಂದರಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಕೆಲಸ ಬಿಟ್ಟು ಬಂದರೂ ಒಂದು ಪ್ರಶ್ನೆ ಮಾತ್ರ ಬೆನ್ನು ಬಿಟ್ಟಿಲ್ಲ. ಚುನಾವಣೆಯ ದಿನಾಂಕ ಗೊತ್ತಾದ ಕೂಡಲೇ ನೆಂಟರು, ಪಕ್ಕದ ಮನೆಯವರು, ಆಟೋದವರು ಶುರು ಮಾಡುತ್ತಾರೆ: "ಅಣ್ಣಾ, ಎಲೆಕ್ಷನ್ ಆದ್ಮೇಲೆ ರೇಟ್ ಏರುತ್ತಾ? ಈಗ್ಲೇ ಫುಲ್ ಮಾಡಿಸ್ಕೊಂಬಿಡ್ಲಾ?"

ಏರಬಹುದು ಎನ್ನುತ್ತೇನೆ. ಹಾಗನ್ನಲು ಕಾರಣ ಬಂಕಿನಲ್ಲಿ ನಾನು ಕಂಡ ದರದ ಬೋರ್ಡು.

2017ರ ಜೂನ್ 16ರಿಂದ ದರ ದಿನಾ ಬೆಳಿಗ್ಗೆ ಆರಕ್ಕೆ ಬದಲಾಗುವ ಪದ್ಧತಿ ಬಂತು. ಇವತ್ತು ಎಂಟು ಪೈಸೆ ಮೇಲೆ, ನಾಳೆ ಐದು ಪೈಸೆ ಕೆಳಗೆ. 2018ರ ಏಪ್ರಿಲ್ 24ರಿಂದ ಮಾತ್ರ ಆ ಅಂಕಿಗಳು ಅಲುಗಲೇ ಇಲ್ಲ. ಹತ್ತೊಂಬತ್ತು ದಿನ ಅದೇ ದರ. ಮೇ 12ಕ್ಕೆ ನಮ್ಮ ರಾಜ್ಯದ ಮತದಾನ ಮುಗಿಯಿತು. ಮೇ 14ರ ಬೆಳಿಗ್ಗೆ ಏರಲು ಶುರುವಾದದ್ದು ಸತತ ಹದಿನಾರು ದಿನ ನಿಲ್ಲಲಿಲ್ಲ.

2021ರ ನವೆಂಬರ್‌ನಿಂದ 2022ರ ಮಾರ್ಚ್ 22ರವರೆಗೂ ಹೀಗೇ ಆಯಿತು. ನಡುವೆ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ಬ್ಯಾರೆಲ್‌ಗೆ ನೂರು ಡಾಲರ್ ದಾಟಿತು; ಬಂಕಿನ ದರ ಕದಲಲಿಲ್ಲ. ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಫಲಿತಾಂಶ ಮಾರ್ಚ್ 10ಕ್ಕೆ ಬಂತು. ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಲೀಟರಿಗೆ ಹತ್ತು ರೂಪಾಯಿ ಏರಿತು. ಇದು ಒಂದೇ ಪಕ್ಷದ ಚಾಳಿಯೂ ಅಲ್ಲ. 2024ರ ಜೂನ್ 4ಕ್ಕೆ ಲೋಕಸಭೆಯ ಫಲಿತಾಂಶ ಬಂತು, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು. ಪೆಟ್ರೋಲಿಗೆ ಮೂರು ರೂಪಾಯಿ, ಡೀಸೆಲಿಗೂ ಹೆಚ್ಚುಕಡಿಮೆ ಅಷ್ಟೇ.

ಮೇಲಿನಿಂದ ಯಾರೋ ಆದೇಶ ಕೊಟ್ಟರು ಎನ್ನಲು ನನ್ನ ಬಳಿ ಕಾಗದವಿಲ್ಲ. ಪೆಟ್ರೋಲ್ ದರ 2010ರಲ್ಲಿ, ಡೀಸೆಲ್ ದರ 2014ರಲ್ಲಿ ಸರ್ಕಾರದ ಹಿಡಿತದಿಂದ ಹೊರಬಂದಿವೆ ಎನ್ನುವುದು ಅಧಿಕೃತ ಮಾತು. ಆದರೆ ದೇಶದ ಬಹುಪಾಲು ಬಂಕ್‌ಗಳು ಸರ್ಕಾರಿ ಒಡೆತನದ ಮೂರು ಕಂಪನಿಗಳವು.

ನನಗೆ ಸಂಕಟವಾಗುವುದು ಇಲ್ಲಿ. 2013ರ ಕಂಪನಿ ಕಾಯ್ದೆಯ 182ನೇ ಕಲಂ ಪ್ರಕಾರ ಸರ್ಕಾರಿ ಕಂಪನಿ ಯಾವ ಪಕ್ಷಕ್ಕೂ ದೇಣಿಗೆ ಕೊಡುವಂತಿಲ್ಲ. ಮತದಾನದ ಹಿಂದಿನ ವಾರಗಳಲ್ಲಿ ಅದೇ ಕಂಪನಿ ನಷ್ಟ ನುಂಗಿಕೊಂಡು ದರ ಹಿಡಿದಿಟ್ಟರೆ ಅದು ದೇಣಿಗೆಯಲ್ಲದೆ ಮತ್ತೇನು? ಬೈಕ್ ರ‍್ಯಾಲಿಗೆ ಬಂದ ಹುಡುಗರು ಪಕ್ಷದ ಟೋಕನ್ ಹಿಡಿದು ನಮ್ಮ ಬಂಕಿಗೆ ಬರುತ್ತಿದ್ದರು, ಒಬ್ಬೊಬ್ಬರಿಗೆ ಒಂದು ಲೀಟರ್. ಆ ಒಂದು ಲೀಟರ್ ಅಭ್ಯರ್ಥಿಯ ಖರ್ಚಿಗೆ ಸೇರಬೇಕು, ವಿಧಾನಸಭೆಗಾದರೆ 40 ಲಕ್ಷದ ಮಿತಿಯೊಳಗೆ. ಇಡೀ ರಾಜ್ಯಕ್ಕೆ ಹತ್ತೊಂಬತ್ತು ದಿನ ಹಿಡಿದಿಟ್ಟ ದರ ಯಾರ ಖರ್ಚಿನ ಪುಸ್ತಕಕ್ಕೂ ಸೇರುವುದಿಲ್ಲ.

ಹಿಡಿದಿಟ್ಟ ದುಡ್ಡು ಕೊನೆಗೆ ನಮ್ಮಿಂದಲೇ ವಸೂಲಾಗುತ್ತದೆ. 2022ರ ನಷ್ಟದ ನಂತರ ಕಚ್ಚಾ ತೈಲ ಇಳಿದಾಗ ಬಂಕಿನ ದರ ಅದರ ಜೊತೆ ಇಳಿಯಲಿಲ್ಲ. 2023-24ರಲ್ಲಿ ಮೂರೂ ಕಂಪನಿಗಳ ಲಾಭ ಸೇರಿ ಸುಮಾರು 81 ಸಾವಿರ ಕೋಟಿ ರೂಪಾಯಿ.

ಚುನಾವಣಾ ಸುಧಾರಣೆ ಅಂದರೆ ನಾವು ಇವಿಎಂ, ಬಾಂಡ್, ಹೆಂಡ-ಸೀರೆ ಹಂಚಿಕೆ ಇಷ್ಟನ್ನೇ ಮಾತಾಡುತ್ತೇವೆ. ಈ ಬೋರ್ಡಿನ ಮಾತೂ ಬರಬೇಕು. ದರ ಲೆಕ್ಕ ಹಾಕುವ ಸೂತ್ರ ಎಲ್ಲರಿಗೂ ಕಾಣುವಂತಿರಲಿ. ನೀತಿ ಸಂಹಿತೆ ಜಾರಿಯಲ್ಲಿರುವಾಗ ಕಂಪನಿ ಆ ಸೂತ್ರ ಬಿಟ್ಟು ನಡೆದರೆ ಲೀಟರಿಗೆ ಎಷ್ಟು ಪೈಸೆ ಹಿಡಿದಿಟ್ಟಿದೆ ಎಂದು ಚುನಾವಣಾ ಆಯೋಗಕ್ಕೆ ಬರೆದುಕೊಡಲಿ, ಆಯೋಗ ಅದನ್ನು ಆ ವಾರವೇ ಪ್ರಕಟಿಸಲಿ. ಕಾರಣ ಗೊತ್ತಿದ್ದೂ ಜನ ಆಳುವ ಪಕ್ಷಕ್ಕೇ ಓಟು ಹಾಕಿದರೆ ಹಾಕಲಿ, ಅದು ಅವರ ಹಕ್ಕು.

ಓಟು ಹಾಕುವ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಯಾವ ಸರ್ಕಾರ ಬಂದರೂ ಬೆಲೆಯನ್ನು ಮುಂದಕ್ಕೆ ತಳ್ಳಬಹುದು, ತೆರಿಗೆ ಒಂದಿಷ್ಟು ಇಳಿಸಬಹುದು, ಅಷ್ಟೇ. ಓಟು ಕೇಳಲು ಬಂದವರನ್ನು "ಪೆಟ್ರೋಲ್ ಎಷ್ಟಾಯ್ತು ನೋಡಿ" ಎಂದು ತರಾಟೆಗೆ ತೆಗೆದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. "ನಮ್ಮೂರಿಗೆ ಬೆಳಿಗ್ಗೆ ಆರು ಗಂಟೆ ಬಸ್ ಯಾಕಿಲ್ಲ" ಎಂದು ಅಷ್ಟೇ ಸಿಟ್ಟಿನಿಂದ ಕೇಳಿದವರು ಕಡಿಮೆ. ಕೇಳಿದರೆ ಆಗುತ್ತದೆ ಎನ್ನುವುದಕ್ಕೆ ಶಕ್ತಿ ಯೋಜನೆಯೇ ಇದೆ. 2023ರ ಚುನಾವಣೆಯಲ್ಲಿ ಕೊಟ್ಟ ಮಾತು ಜೂನ್ 11ಕ್ಕೆ ಜಾರಿಗೆ ಬಂತು. ಬಸ್ಸು ಸಾಲದೆ ಹೆಣ್ಣುಮಕ್ಕಳು ಬಾಗಿಲಲ್ಲಿ ಜೋತು ಹೋಗುವುದನ್ನೂ ಕಂಡಿದ್ದೇನೆ. ಮುಂದಿನ ಚುನಾವಣೆಯಲ್ಲಿ ಕೇಳಬೇಕಾದದ್ದು ಹೆಚ್ಚು ಬಸ್ಸುಗಳನ್ನು.

ಇನ್ನು ಟ್ಯಾಂಕಿನ ಮಾತು. 2018ರ ಮೇ 14ರಂದು ಏರಿದ್ದು ಇಪ್ಪತ್ತು ಪೈಸೆಯ ಆಸುಪಾಸು. ಸ್ಕೂಟರಿಗೆ ಹಿಡಿಯುವುದು ಐದು ಲೀಟರ್. ಹಿಂದಿನ ರಾತ್ರಿ ಸಾಲಲ್ಲಿ ಅರ್ಧ ಗಂಟೆ ನಿಂತು ಫುಲ್ ಮಾಡಿಸಿದ್ದರೆ ಉಳಿಯುತ್ತಿದ್ದುದು ಒಂದು ರೂಪಾಯಿ.