ತುಘಲಕ್ ಓದಿದ ಮೇಲೆ

ಗಿರೀಶ ಕಾರ್ನಾಡರ ‘ತುಘಲಕ್’ ಮತ್ತೆ ಓದಿದೆ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಮೇಲೆ ಬರೆದ 1964ರ ನಾಟಕ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನ ವೇಷ ಹಾಕಿದವನೊಬ್ಬ ಸುಲ್ತಾನನ ಮೇಲೆ ದಾವೆ ಹಾಕಿ ಗೆಲ್ಲುತ್ತಾನೆ. ಸುಲ್ತಾನ ತಲೆಬಾಗಿ ಪರಿಹಾರ ಕೊಡುತ್ತಾನೆ. ಎಂಥ ದೊರೆ ಅನಿಸುತ್ತದೆ, ಅಲ್ವಾ? ದಿನಕ್ಕೆ ಐದು ಸಲ ಪ್ರಾರ್ಥನೆ ಮಾಡಲೇಬೇಕು ಅಂತ ಕಾನೂನು ತಂದವನೂ ಅವನೇ. ಆಮೇಲೆ ಪ್ರಾರ್ಥನೆಯ ಹೊತ್ತಿಗೇ ಅವನನ್ನು ಮುಗಿಸುವ ಸಂಚು ನಡೆಯುತ್ತದೆ. ಸಂಚು ಮುರಿದ ಸುಲ್ತಾನ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಲ್ಲಿಸಿಬಿಡುತ್ತಾನೆ!

ಸುಮ್ನೆ ಕೆಟ್ಟವನಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಓದಿಕೊಂಡವನು, ಕನಸು ಇಟ್ಟುಕೊಂಡವನು. ಆದರೆ ಎದುರು ಮಾತಾಡಿದವರೆಲ್ಲ ಅವನಿಗೆ ಶತ್ರುಗಳಾಗುತ್ತಾ ಹೋದರು. ಅಧಿಕಾರ ಒಳ್ಳೆಯವರನ್ನು ಕೆಡಿಸುವುದೇ ಹೀಗೆ ಅಂತ ನನಗನಿಸುತ್ತದೆ.

ನಾಟಕ ಬಂದು 11 ವರ್ಷಕ್ಕೆ ತುರ್ತು ಪರಿಸ್ಥಿತಿ ಬಂತು. ಜನರೇ ಆರಿಸಿದ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿತು. ‘ಸಂಸ್ಕಾರ’ ಸಿನಿಮಾದಲ್ಲಿ ಕಾರ್ನಾಡರ ಜೊತೆ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಅಲ್ಲಿ ಆಸ್ತಮಾ ಜಾಸ್ತಿಯಾಗಿ ನರಳಿದರು. 1977ರ ಜನವರಿಯಲ್ಲಿ ಪರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲೆ ಯಾವ ಆರೋಪವೂ ಸಾಬೀತಾಗಲಿಲ್ಲ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.