ಪಟಿಂಗ್‌ನಲ್ಲಿ ಸ್ಪಿನ್ ದಾರಿ ತಿರುಗಿಸಲ್ಲ, ದೂರ ತಿನ್ನುತ್ತೆ

ಬೆಂಗಳೂರಿನಲ್ಲಿ ಗಾಲ್ಫ್ ಹೇಳಿಕೊಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಸರ್, ಪಟ್ ಮಾಡುವಾಗ ಬಾಲ್‌ಗೆ ಸ್ಪಿನ್ ಹೇಗೆ ಕೊಡೋದು?" ಪಟ್ ಅಂದರೆ ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಬಾಲನ್ನು ಹೋಲ್ ಕಡೆ ಉರುಳಿಸುವ ಹೊಡೆತ. ಕೇಳುವವರಲ್ಲಿ ಹೆಚ್ಚಿನವರು ಗಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಆಡಿದ ಊರು ಇದು. ಚೆಂಡು ಸುತ್ತಿದರೆ ದಾರಿ ತಿರುಗಲೇಬೇಕು ಅನ್ನೋದು ಮನಸ್ಸಲ್ಲಿ ಕೂತುಬಿಟ್ಟಿದೆ. ಎಡಕ್ಕೆ ಇಳಿಜಾರಿದ್ದರೆ ಪಟರ್ (ಪಟ್ ಮಾಡುವ ಕೋಲು) ಅನ್ನು ಅಡ್ಡಡ್ಡ ಎಳೆದು, ಬಾಲ್ ಬಲಕ್ಕೆ ತಿರುಗಲಿ ಅಂತ ನೋಡುತ್ತಾರೆ.

ಗ್ರೀನ್ ಮೇಲೆ ಇದು ನಡೆಯುವುದಿಲ್ಲ. ಕ್ರಿಕೆಟ್ ಚೆಂಡು ಗಾಳಿಯಲ್ಲಿ ಬಂದು ಪಿಚ್ ಮೇಲೆ ಒಂದೇ ಸಲ ಬೀಳುತ್ತದೆ, ಆ ಒಂದು ಹಿಡಿತದಲ್ಲೇ ತಿರುವು. ಪಟ್ ಮಾಡಿದ ಬಾಲ್ ಹೆಚ್ಚುಕಮ್ಮಿ ಪೂರ್ತಿ ದಾರಿ ಹುಲ್ಲಿನ ಮೇಲೇ ಇರುತ್ತದೆ. ಹುಲ್ಲು ಉಜ್ಜಿ ಉಜ್ಜಿ ಆ ಸ್ಪಿನ್ ಅನ್ನು ಬೇಗನೆ ಮುಗಿಸಿಬಿಡುತ್ತದೆ. ಎಡವೋ ಬಲವೋ ಅನ್ನೋದನ್ನು ತೀರ್ಮಾನಿಸುವುದು ಇಳಿಜಾರು ಮತ್ತು ಹೊಡೆದ ಕ್ಷಣದಲ್ಲಿ ಪಟರ್ ಮುಖ ಎತ್ತ ನೋಡುತ್ತಿತ್ತು ಎಂಬುದು. 10 ಅಡಿಯ ಪಟ್‌ನಲ್ಲಿ ಬಾಲ್ 1 ಡಿಗ್ರಿ ಓರೆಯಾಗಿ ಹೊರಟರೆ ಹೋಲ್ ಹತ್ತಿರ ಸುಮಾರು 2 ಇಂಚು ಪಕ್ಕಕ್ಕೆ ಹೋಗಿರುತ್ತದೆ. ಹೋಲ್‌ನ ಪೂರ್ತಿ ಅಗಲವೇ 4.25 ಇಂಚು. ನಡುವಿಗೆ ಗುರಿ ಇಟ್ಟದ್ದು ಅಂಚಿಗೆ ಬಂತು, ಅಲ್ವಾ?

ಹಾಗಾದರೆ ಸ್ಪಿನ್‌ಗೆ ಕೆಲಸವೇ ಇಲ್ಲವಾ? ಇದೆ, ದೂರದಲ್ಲಿ. ನಾನು ತುಂಬಾ ಹೊತ್ತು ಕೊಡುವುದು ಇದಕ್ಕೇ.

ಬಾಲ್ ಮೇಲೆ ಮಾರ್ಕರ್‌ನಲ್ಲಿ ದಪ್ಪ ಗೆರೆ ಎಳೆದು, ಫೋನನ್ನು ಹುಲ್ಲಿನ ಮಟ್ಟಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಮೊದಲ ಸ್ವಲ್ಪ ದೂರ ಗೆರೆ ಸರಿಯಾಗಿ ಸುತ್ತುವುದೇ ಇಲ್ಲ, ಬಾಲ್ ಸುಮ್ನೆ ಜಾರುತ್ತದೆ. ಕೆಲವರ ಹೊಡೆತದಲ್ಲಂತೂ ಗೆರೆ ಒಂದಿಷ್ಟು ಹಿಂದಕ್ಕೇ ಸುತ್ತುತ್ತದೆ. ಆಮೇಲೆ ಹುಲ್ಲು ಹಿಡಿದು ಉರುಳಾಟ ಶುರು. ಸ್ಪಿನ್ ಇಲ್ಲದೆ ಹೊರಟ ಬಾಲ್, ಅಳತೆ ಯಾವುದೇ ಇರಲಿ, 7ರ ವೇಗದಲ್ಲಿ ಹೊರಟರೆ, ಪೂರ್ತಿ ಉರುಳುವಷ್ಟರಲ್ಲಿ ವೇಗ 5ಕ್ಕೆ ಇಳಿದಿರುತ್ತದೆ. ಹುಲ್ಲು ಒರಟಿರಲಿ, ನುಣುಪಿರಲಿ, ಈ ಲೆಕ್ಕ ಬದಲಾಗದು. ಹಿಂದಕ್ಕೆ ಸುತ್ತುತ್ತಾ ಹೊರಟರೆ 5ಕ್ಕಿಂತಲೂ ಕಮ್ಮಿ. ಉರುಳುವ ಬಾಲ್‌ನ ವೇಗ ನೂರಕ್ಕೆ 5ರಷ್ಟು ಕಮ್ಮಿಯಾದರೆ ದೂರ ಸುಮಾರು 10ರಷ್ಟು ಕಮ್ಮಿಯಾಗುತ್ತದೆ. 30 ಅಡಿಯ ಪಟ್ 3 ಅಡಿ ಮೊದಲೇ ನಿಲ್ಲುತ್ತದೆ.

ವಾರದ ಕೊನೆಗೆ ಬರುವ ಒಬ್ಬರು ಮೇಡಂಗೆ ಇದೇ ಕಾಟ. "ಒಂದೇ ಥರ ಹೊಡೀತೀನಿ ಸರ್, ಒಂದು ಮುಂದೆ ಹೋಗುತ್ತೆ, ಒಂದು ಅರ್ಧಕ್ಕೇ ನಿಲ್ಲುತ್ತೆ" ಎನ್ನುತ್ತಿದ್ದರು. ವಿಡಿಯೋದಲ್ಲಿ ನೋಡಿದರೆ ಅರ್ಧಕ್ಕೆ ನಿಂತ ಹೊಡೆತಗಳಲ್ಲಿ ಮಣಿಕಟ್ಟು ಕೊನೆಗೆ ಮಡಚಿ, ಪಟರ್ ತಲೆ ಕೈಗಿಂತ ಮುಂದೆ ಓಡಿತ್ತು. ಪಟರ್ ಮುಖಕ್ಕೆ ಸಾಮಾನ್ಯವಾಗಿ ಮೇಲ್ಮುಖವಾಗಿ 3-4 ಡಿಗ್ರಿ ಓರೆ ಇರುತ್ತದೆ. ಬಾಲ್ ತನ್ನ ಭಾರಕ್ಕೆ ಹುಲ್ಲಿನಲ್ಲಿ ಒಂಚೂರು ಕುಸಿದು ಕೂತಿರುತ್ತದಲ್ಲ, ಅದನ್ನು ಮೇಲೆತ್ತಲು ಅಷ್ಟು ಸಾಕು. ಮಣಿಕಟ್ಟು ಮಡಚಿದರೆ ಓರೆ ಜಾಸ್ತಿಯಾಗಿ ಬಾಲ್ ನೆಗೆಯುತ್ತದೆ, ಹಿಂದಕ್ಕೆ ಸುತ್ತುತ್ತದೆ. ಕೈಯನ್ನು ತೀರಾ ಮುಂದೆ ಒತ್ತಿದರೆ ಓರೆ ಇಲ್ಲವಾಗಿ ಬಾಲ್ ಹುಲ್ಲಿಗೆ ಗುದ್ದಿ ಕುಪ್ಪಳಿಸುತ್ತದೆ. ಅವರಿಗೆ ಬಾಲನ್ನು ನಡುವಿಗಿಂತ ಸ್ವಲ್ಪ ಮುಂದಿನ ಕಾಲಿನ ಕಡೆ ಇಡಿಸಿದೆ, ಮಣಿಕಟ್ಟು ಹಾಗೇ ಇರಲಿ, ಭುಜದಿಂದ ತೂಗಿ ಅಂದೆ. ಟಾಪ್ ಸ್ಪಿನ್ ಬಗ್ಗೆ ಮಾತೇ ಎತ್ತಲಿಲ್ಲ. ಅದಕ್ಕಾಗಿ ಪಟರ್ ಅನ್ನು ಮೇಲಕ್ಕೆ ಎಳೆಯುವವರ ಹೊಡೆತ ನಡುವಿಗೇ ತಾಗುವುದಿಲ್ಲ.

ನಮ್ಮ ಊರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ 4ನೇ ಸ್ಥಾನಕ್ಕೆ ಬಂದದ್ದು ನೆನಪಿದೆಯಲ್ಲ? ಪ್ರತಿ ಹೋಲ್‌ನ ಮೊದಲ ಹೊಡೆತದಲ್ಲಿ ಉಳಿದವರು ಅವರಿಗಿಂತ ಎಷ್ಟೋ ದೂರ ಕಳಿಸುತ್ತಿದ್ದರು. ಅವರು ಅಷ್ಟು ಮೇಲೆ ಬಂದದ್ದು ಪಟರ್‌ನಿಂದ. ದೂರ ಹೊಡೆಯುವ ಕೋಲಾದ ಡ್ರೈವರ್ ಬಿಟ್ಟು ಬರಲೊಲ್ಲದ ಮಕ್ಕಳಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಫೋನ್ ಬೇಡ ಅನ್ನುವವರು ಚಳಿಗಾಲದಲ್ಲಿ ಬೆಳಗ್ಗೆ ಬೇಗ ಬನ್ನಿ. ಇಬ್ಬನಿಯ ಮೇಲೆ ಬಾಲ್ ಗೆರೆ ಎಳೆಯುತ್ತಾ ಹೋಗುತ್ತದೆ. ನೆಗೆದ ಕಡೆ ಗೆರೆ ತುಂಡಾಗಿರುತ್ತದೆ. ಒಂದೇ ಜಾಗದಿಂದ ಹತ್ತಾರು ಬಾಲ್ ಹೊಡೆದು, ತುಂಡಾದ ಜಾಗ ಪ್ರತಿ ಸಲ ಎಷ್ಟಿದೆ ನೋಡಿ. ದೂರ ಮಾತ್ರ ಆಗ ಅಳೆಯಬೇಡಿ. ಒದ್ದೆ ಹುಲ್ಲು ಬಾಲನ್ನು ಹಿಡಿದುಕೊಳ್ಳುತ್ತದೆ, ಅದನ್ನು ಬಿಸಿಲೇರಿದ ಮೇಲೆ ನೋಡಿಕೊಂಡರಾಯಿತು.