ಹಾಲುಹಲ್ಲು ತಾನೇ ಅಂತ ಬಿಡಬೇಡಿ

"ಹಾಲುಹಲ್ಲು ತಾನೇ, ಹೆಂಗೂ ಬಿದ್ದು ಹೋಗ್ತಾವ" ಅಂತ ಧಾರವಾಡದ ನಮ್ಮನೆಯಲ್ಲಿ ಅತ್ತೆ ಹೇಳಿದ್ದನ್ನು ನಾನೂ ನಂಬಿದ್ದೆ. ಮಗಳಿಗೆ ಎರಡು ವರ್ಷ ಆದಾಗ ಮೇಲಿನ ಮುಂದಿನ ಹಲ್ಲಲ್ಲಿ, ಒಸಡಿನ ಅಂಚಿಗೆ, ಸುಣ್ಣದ ಗೆರೆಯಂತೆ ಬಿಳಿ ಕಂಡಿತು. ಬಾಟಲಿ ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದಳು, ರಾತ್ರಿಯಿಡೀ ಹಾಲು ಹಲ್ಲಿಗೆ ಅಂಟಿಕೊಂಡೇ ಇರುತ್ತದಲ್ವಾ, ಹುಳುಕು ಶುರುವಾಗಲು ಅದೇ ಕಾರಣ ಎಂದರು ಹಲ್ಲಿನ ಡಾಕ್ಟರ್.

ಅವಳನ್ನು ದೊಡ್ಡ ಖುರ್ಚಿಯಲ್ಲಿ ಕೂರಿಸಲೇ ಇಲ್ಲ. ನನ್ನ ತೊಡೆಯ ಮೇಲೆ, ನನ್ನ ಕಡೆ ಮುಖ ಮಾಡಿ ಕೂರಿಸಿ, ತಲೆಯನ್ನು ತಮ್ಮ ತೊಡೆಗೆ ಒರಗಿಸಿಕೊಂಡು ನೋಡಿದರು. ಅತ್ತಳು. ಎರಡೇ ನಿಮಿಷ.

ಮೊದಲ ಹುಟ್ಟುಹಬ್ಬದೊಳಗೇ ತೋರಿಸಬೇಕಿತ್ತು. ಹಾಲಿನ ದವಡೆಹಲ್ಲು 10-12 ವರ್ಷದವರೆಗೂ ಬೇಕು. ಈಗ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ದಿನಕ್ಕೆ 2 ಸಲ. ಫೇಡೆ ಊಟದ ಜೊತೆಗೆ ಮಾತ್ರ, ಮಲಗುವಾಗ ಬರೀ ನೀರು.